ಬೈಸಿಕೊಂಡವರಿಗೆ ಮಾತ್ರ ಪ್ರವೇಶ

ನಮ್ಮೂರಿನ ಗಡಿಬಾಗಿಲು ದಾಟಿ ಆಚೆಯ ದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟು ಬೇಕು, ವೀಸಾ ಬೇಕು, ಜೊತೆಗೆ ನಿಮ್ಮನ್ನು ಮನಸಾರೆ ಬೈಯುವವರೊಬ್ಬರು ಬೇಕು. ಮೊದಲಿನ ಎರಡನ್ನು ಹೇಗೋ ಹೊಂದಿಸಿಕೊಳ್ಳಬಹುದು; ಅರ್ಜಿ ಹಾಕಿ, ಫೋಟೋ ಅಂಟಿಸಿ ಕಾದು ಕೂತರೆ ಬರುತ್ತವೆ. ಮೂರನೆಯದಕ್ಕೆ ಮಾತ್ರ ಅಡ್ಡದಾರಿ ಇಲ್ಲ. ಕೌಂಟರಿನ ಮುಂದೆ ಒಂದು ಮರದ ಮಣೆ ಇದೆ. ಹೊರಟವರು ಅದರ ಮೇಲೆ ನಿಲ್ಲಬೇಕು, ಅವರನ್ನು ಬಲ್ಲವರು ಎದುರು ನಿಂತು ಬೈಯಬೇಕು. ಗಡಿ ಅಧಿಕಾರಿ ಮುದ್ದುವೀರಪ್ಪನವರು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಬೈಗುಳ ನಾಟಿತು ಅನ್ನಿಸಿದರೆ ಕಣ್ಣು ತೆರೆದು, ಮಣೆಯ ಮೇಲಿನವರ ಮುಖ ಕೆಂಪಗಾಗಿದೆಯೇ ಎಂದು ಒಮ್ಮೆ ನೋಡಿ ಠಸ್ಸೆ ಒತ್ತುತ್ತಾರೆ. ಇವನು ಇವನೇ ಎಂದು ಸರ್ಕಾರಕ್ಕೆ ಖಾತ್ರಿಯಾಗುವುದು ಆವಾಗ.

ಬೈಗುಳ ಅಂದರೆ ಬಾಯಿಗೆ ಬಂದದ್ದಲ್ಲ. ಕತ್ತೆ, ಕೋಣ, ಅಡ್ಡಕಸುಬಿ ಇವೆಲ್ಲ ಅಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅವನ್ನು ಯಾರು ಯಾರಿಗೆ ಬೇಕಾದರೂ ಬೈಯಬಹುದು. ಆ ಒಬ್ಬ ಮನುಷ್ಯನಿಗೆ ಮಾತ್ರ ಹೊಂದುವ ಬೈಗುಳವಾಗಬೇಕು, ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ. ಹಿಂದೊಮ್ಮೆ ಬಸ್‌ಸ್ಟ್ಯಾಂಡಿನ ದಲ್ಲಾಳಿಗಳು ಬಾಡಿಗೆಗೆ ಬೈಯುವವರನ್ನು ತಂದು ನಿಲ್ಲಿಸಿದ್ದರು. ಒಳ್ಳೊಳ್ಳೆಯ ಗಂಟಲಿನವರೇ. "ಈ ಬೈಗುಳ ಪಕ್ಕದವನಿಗೂ ಆಗತ್ತೆ, ನಡೀರಿ" ಎಂದು ಮುದ್ದುವೀರಪ್ಪನವರು ಎಲ್ಲರನ್ನೂ ಓಡಿಸಿದರು.

ಊರು ಇದಕ್ಕೆ ಒಗ್ಗಿಕೊಂಡಿದೆ. ಅತ್ತೆಯಂದಿರನ್ನು ನಮ್ಮೂರಿನಷ್ಟು ಚೆನ್ನಾಗಿ ನೋಡಿಕೊಳ್ಳುವ ಊರು ಇನ್ನೊಂದಿರಲಾರದು. ಹೆಣ್ಣು ನೋಡಲು ಹೋದವರು ಹಾಡು ಬರುತ್ತಾ ಎಂದು ಕೇಳುವುದನ್ನು ಬಿಟ್ಟು, ಹುಡುಗಿಯ ಅಣ್ಣನನ್ನು ಪಕ್ಕಕ್ಕೆ ಕರೆದು ಬಾಯಿ ಹೇಗೆ ಎಂದು ವಿಚಾರಿಸುತ್ತಾರೆ. ಒಂಟಿಯಾಗಿರುವ ಅಂಚೆ ಗುಮಾಸ್ತರು ಬೇಕೆಂದೇ ಕಿರಿಕಿರಿಯ ಮಾಲೀಕನ ಮನೆಯಲ್ಲಿ ಬಾಡಿಗೆಗಿದ್ದಾರೆ. ಎಲ್ಲರಿಗಿಂತ ಕಷ್ಟ ನಮ್ಮ ಎದುರುಮನೆಯ ಈರುಳ್ಳಿ ವ್ಯಾಪಾರಿ ರಾಚಪ್ಪನದು. ವಾರಕ್ಕೊಮ್ಮೆ ಗಡಿ ದಾಟುವವನು ಅವನು. ಒಮ್ಮೆ ಬೈದ ಬೈಗುಳ ಎರಡನೆಯ ಸಲಕ್ಕೆ ಸಲ್ಲದು. ಹಾಗಾಗಿ ಪಾಪ, ವಾರಕ್ಕೊಂದು ಹೊಸ ತಪ್ಪು ಮಾಡಲೇಬೇಕು. ಅವನ ಹೆಂಡತಿ ಪುಟ್ಟತಾಯಮ್ಮ ಕಟ್ಟುನಿಟ್ಟಿನವಳು, ಸುಳ್ಳು ತಪ್ಪಿಗೆ ಬಾಯಿ ತೆರೆಯುವುದಿಲ್ಲ. ಭಾನುವಾರ ಬಂತೆಂದರೆ ರಾಚಪ್ಪ ಜಗಲಿಯ ಮೇಲೆ ತಲೆ ಕೆರೆದುಕೊಳ್ಳುತ್ತ ಕೂತಿರುತ್ತಾನೆ.

ನಾನು ಇದನ್ನೆಲ್ಲ ಅಂಗಡಿಯಲ್ಲಿ ಕೂತು ನೋಡಿ ನಗುತ್ತಿದ್ದೆ. ನಾನೆಂದರೆ ಸೀರೆ ಅಂಗಡಿ ತ್ರಯಂಬಕ. ಮದುವೆಯಾಗಿ ಇಪ್ಪತ್ತೇಳು ವರ್ಷ, ನನಗೂ ನನ್ನ ಹೆಂಡತಿ ಕಮಲಾಕ್ಷಿಗೂ ಒಂದು ಮಾತು ಹೆಚ್ಚುಕಮ್ಮಿ ಆದದ್ದಿಲ್ಲ. ನಮ್ಮ ಮನೆಯಲ್ಲಿ ಪಾತ್ರೆ ಕೂಡ ಸದ್ದು ಮಾಡುವುದಿಲ್ಲ ಎಂದು ಗಿರಾಕಿಗಳ ಮುಂದೆ ನಾನೇ ಹೇಳಿಕೊಳ್ಳುತ್ತಿದ್ದೆ. ಜಗಳವಾಡಿಕೊಂಡ ಗಂಡ ಹೆಂಡಿರಿಗೆ ಊರವರು ನಮ್ಮನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಒಬ್ಬಳೇ ಮಗಳು ವೈಜಯಂತಿ ಆಚೆಯ ದೇಶದವನನ್ನು ಮದುವೆಯಾಗಿ ಹೊರಟಾಗಲೂ, "ನಮಗೆ ಬೈಯೋದು ಬರಲ್ಲ ಕಣಮ್ಮ, ನಿನ್ನ ಗೆಳತಿಯರನ್ನ ಯಾರನ್ನಾದ್ರೂ ಕರ್ಕೊಂಡು ಹೋಗು" ಎಂದು ಹೆಮ್ಮೆಯಿಂದಲೇ ಹೇಳಿದ್ದೆ. ಅವಳ ಗೆಳತಿ ಬೈದು ಕಳಿಸಿಕೊಟ್ಟಳು.

ಆ ವೈಜು ಒಂದು ದಿನ ಫೋನ್ ಮಾಡಿದಳು. ತುಂಬಿದ ಬಸುರಿ. ಅತ್ತೆ ಮಾವ ಇಲ್ಲ, ಗಂಡ ಹಡಗಿನ ಕೆಲಸದವನು, ತಿಂಗಳುಗಟ್ಟಲೆ ನೀರಿನ ಮೇಲೇ ಇರುತ್ತಾನೆ.

"ಅಪ್ಪಾ, ಓಡಾಡ್ಲೇಬಾರ್ದು ಅಂತ ಡಾಕ್ಟ್ರು ಹೇಳಿದಾರೆ. ಬಾಣಂತನಕ್ಕೆ ನಾನು ಅಲ್ಲಿಗೆ ಬರೋ ಹಾಗಿಲ್ಲ. ನೀನೂ ಅಮ್ಮನೂ ಇಲ್ಲಿಗೆ ಬಂದ್ಬಿಡಿ. ಒಬ್ಬಳೇ ಇದ್ರೆ ನಂಗೆ ಭಯ ಆಗತ್ತೆ."

ಮಗಳು ಭಯ ಎಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಓಡಾಡಿ ಇಬ್ಬರಿಗೂ ಸೇರಿಸಿ ಜೋಡಿ ವೀಸಾ ಮಾಡಿಸಿದೆ. ಜೋಡಿ ವೀಸಾ ಎಂದರೆ ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಬೈದು ಗುರುತು ಹಿಡಿಯಬೇಕು. ಒಬ್ಬರು ಬಿದ್ದರೆ ಇಬ್ಬರೂ ಬಿದ್ದಂತೆ. ಅದೇನು ಮಹಾ ಎಂದುಕೊಂಡೆ. ಇಪ್ಪತ್ತೇಳು ವರ್ಷ ಜೊತೆಗಿದ್ದವಳಿಗೆ ನನ್ನ ಗುರುತು ಸಿಗದೆ ಹೋಗುತ್ತದೆಯೇ?

ಕಮಲಾಕ್ಷಿ ಗಟ್ಟಿ ಅಂಚಿನ ರೇಷ್ಮೆ ಸೀರೆ ಉಟ್ಟು ಬಂದಳು, ಆರತಿಗೆ ಹೊರಟವಳಂತೆ. ನಾನು ಮಣೆ ಹತ್ತಿ ನಿಂತೆ. ಹಿಂದೆ ಉದ್ದಕ್ಕೆ ಸಾಲು. ಮುದ್ದುವೀರಪ್ಪನವರು ಕಣ್ಣು ಮುಚ್ಚಿ, "ಶುರು ಮಾಡಿ ತಾಯಿ" ಎಂದರು.

ಕಮಲಾಕ್ಷಿ ಸೆರಗು ಸರಿಮಾಡಿಕೊಂಡಳು. ನನ್ನ ಮುಖ ನೋಡಿದಳು, ಚಾವಣಿ ನೋಡಿದಳು. "ಇವ್ರು… ಇವ್ರು ಸ್ವಲ್ಪ ಜಾಸ್ತೀನೇ ಒಳ್ಳೆಯವ್ರು."

"ಅದು ಬೈಗುಳ ಅಲ್ಲಮ್ಮ."

"ಕಾಫಿ ಆರಿಸ್ಕೊಂಡು ಕುಡೀತಾರೆ," ಎಂದಳು ಬಹಳ ಯೋಚಿಸಿ.

"ಅಯ್ಯೋ ಪಾಪಿ!" ಎಂದು ಸಾಲಿನಲ್ಲಿ ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ನನ್ನ ಮುಖ ಕೆಂಪಗಾದದ್ದೇನೋ ನಿಜ, ಆದರೆ ಅದು ಬೈಗುಳಕ್ಕಲ್ಲ ಎಂಬುದನ್ನು ಮುದ್ದುವೀರಪ್ಪನವರು ಕಣ್ಣು ಮುಚ್ಚಿಯೇ ತಿಳಿದುಕೊಂಡಿದ್ದರು. "ನೀವಿಬ್ರೂ ಪರಿಚಯ ಆಗಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

"ಮದ್ವೆಯಾಗಿ ಇಪ್ಪತ್ತೇಳು ವರ್ಷ ಆಯ್ತು ಸ್ವಾಮಿ," ಎಂದೆ.

"ನಾನು ಕೇಳಿದ್ದು ಅದಲ್ಲ," ಎಂದು ಅವರು ನಮ್ಮ ವೀಸಾದ ಮೇಲೆ ಕೆಂಪು ಶಾಯಿಯಲ್ಲಿ 'ಪರಸ್ಪರ ಪರಿಚಯವಿಲ್ಲ' ಎಂದು ಬರೆದರು. "ಇನ್ನೊಂದು ಅವಕಾಶ ಇದೆ. ಮುಂದಿನ ವಾರ ಬನ್ನಿ. ಆಗ್ಲೂ ಹೀಗೇ ಆದ್ರೆ ವೀಸಾ ರದ್ದಾಗತ್ತೆ. ಮತ್ತೆ ಅರ್ಜಿ ಹಾಕೋಕೆ ಒಂದು ವರ್ಷ ಕಾಯ್ಬೇಕು."

ಒಂದು ವರ್ಷ! ಅಷ್ಟರಲ್ಲಿ ವೈಜುವಿನ ಮಗು ಎದ್ದು ನಡೆಯುತ್ತಿರುತ್ತದೆ.

ನಾವು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿತ್ತು. ಊರವರಿಗೆ ಇದರಲ್ಲಿ ತಮಾಷೆಗಿಂತ ಕಾಳಜಿಯೇ ಹೆಚ್ಚು ಕಂಡಿತು. ಹಾಲಿನವನು ಬಾಗಿಲಿಗೆ ಬಂದು, ಪರಿಚಯವಿಲ್ಲದವರು ಒಂದೇ ಪಾತ್ರೆಯಲ್ಲಿ ಹಾಲು ಹಾಕಿಸಿಕೊಳ್ಳುವುದು ಸರಿಯಲ್ಲವೆಂದು ಎರಡು ಪಾತ್ರೆ ಕೇಳಿದ. ದೇವಸ್ಥಾನದಲ್ಲಿ ಅರ್ಚಕರು ಇಬ್ಬರಿಗೂ ಬೇರೆ ಬೇರೆ ಅರ್ಚನೆ ಮಾಡಿದರು. ಅಂಗಡಿಗೆ ಬಂದ ಹೆಂಗಸರು ನಮ್ಮನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಸಲು ಮುಂದಾದರು: "ಇವ್ರು ಕಮಲಾಕ್ಷಿ ಅಂತ, ಬಹಳ ಒಳ್ಳೆ ಹೆಂಗಸು." ನಾನು ಕೈಮುಗಿದೆ. ಅವಳೂ ಮುಗಿದಳು. ಬೇರೇನು ಮಾಡುವುದು?

ಪುಟ್ಟತಾಯಮ್ಮನಿಗೆ ಮಾತ್ರ ಸಹಿಸಲಾಗಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಮ್ಮ ಅಡುಗೆಮನೆಗೇ ಬಂದಳು. "ಅದೇನ್ ಕಷ್ಟ ಅಂತೀನಿ ಕಮಲಮ್ಮ? ಬಾಯಿ ತೆಗೀರಿ, ಬರತ್ತೆ. ಬೇಕಾದ್ರೆ ನಂದೇ ಒಂದು ತಗೊಂಡು ಹೋಗಿ. ಈರುಳ್ಳಿ ಆರಿಸೋ ಕಣ್ಣಿಗೆ ಕಟ್ಟಿಕೊಂಡವಳ ಮೊಖ ಕಾಣಲ್ವಾ ಅಂತ ಬೈದಿದ್ದೆ ಹೋದ ತಿಂಗಳು. ಏನ್ ಚೆನ್ನಾಗಿ ಕೆಂಪಗಾದ ಗೊತ್ತಾ ನನ್ ಗಂಡ!"

"ಇವ್ರು ಈರುಳ್ಳಿ ಆರಿಸಲ್ವಲ್ಲ," ಎಂದಳು ಕಮಲಾಕ್ಷಿ.

"ಸೀರೆ ಅಂತ ಬದಲಾಯಿಸ್ಕೊಳಿ."

ಕಮಲಾಕ್ಷಿ ಪ್ರಯತ್ನಪಟ್ಟಳು. ಬೈಗುಳ ಅವಳ ಬಾಯಿಗೆ ಹೊಂದಲಿಲ್ಲ. ಅತ್ತ ರಾಚಪ್ಪ ನನ್ನನ್ನು ಜಗಲಿಗೆ ಕರೆದು ಪಳಗಿದವನ ಗತ್ತಿನಲ್ಲಿ ಉಪದೇಶ ಮಾಡಿದ. "ಅವ್ರ ಮೇಲೆ ಯಾಕೆ ತಪ್ಪು ಹೊರಿಸ್ತೀರಾ ಸ್ವಾಮಿ? ಬೈಯೋಕೆ ನೀವೇನಾದ್ರೂ ಕೊಟ್ಟಿದ್ರೆ ತಾನೆ? ಮೊದ್ಲು ತಪ್ಪು ಮಾಡಿ. ಸಣ್ಣದ್ರಿಂದ ಶುರು ಮಾಡಿ."

ಹಾಗೇ ಮಾಡಿದೆ. ಒದ್ದೆ ಟವಲನ್ನು ಹಾಸಿಗೆಯ ಮೇಲೆ ಹಾಕಿದೆ. ಅವಳು ತೆಗೆದು ತಂತಿಯ ಮೇಲೆ ಹರವಿದಳು. ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದೆ. ಒರೆಸಿದಳು. ಧೈರ್ಯ ಮಾಡಿ ಒಂದು ಪಾತ್ರೆ ಹಾಲನ್ನೇ ನೆಲಕ್ಕೆ ಸುರಿದೆ. "ಪರವಾಗಿಲ್ಲ ಬಿಡಿ, ಕಾಲು ಜಾರೀತು, ಈ ಕಡೆ ಬನ್ನಿ," ಎಂದಳು.

"ಬೈಯೇ ಮಾರಾಯ್ತಿ!"

"ಬೈತೀನಿ, ಏನಂತ ಬೈಲಿ ಹೇಳಿ."

ನನಗೆ ಅಳು ಬರುವುದೊಂದು ಬಾಕಿ. ಇಷ್ಟು ವರ್ಷ ನಾನು ಆಸ್ತಿ ಎಂದುಕೊಂಡಿದ್ದ ಶಾಂತಿ ಗಡಿಬಾಗಿಲಿನಲ್ಲಿ ಸವಕಲು ನಾಣ್ಯವಾಗಿತ್ತು. ಆ ವಾರವೆಲ್ಲ ವೈಜು ಫೋನ್ ಮಾಡಿ, ಆಯ್ತಾ ಎಂದು ಕೇಳಿದಾಗಲೆಲ್ಲ ಆಗುತ್ತಮ್ಮ ಎನ್ನುತ್ತಿದ್ದೆ. ಕೊನೆಯ ಸಲ ಅವಳು ಅಮ್ಮನನ್ನು ಕರೆ ಎಂದಳು. ಕಮಲಾಕ್ಷಿ ಫೋನ್ ಹಿಡಿದು ಸುಮ್ಮನೆ ಕೇಳಿಸಿಕೊಂಡಳು. "ಹೊಟ್ಟೆ ಕೆಳಗಿಳಿದಿದೆಯಂತೆ, ಇನ್ನೇನು ಜಾಸ್ತಿ ದಿನ ಇಲ್ಲ," ಎಂದು ಹೇಳಿ ಒಳಗೆ ಹೋದಳು. ಒಳಗೆ ಹೋಗಿ ಏನು ಮಾಡಿದಳೋ ನಾನು ನೋಡಲಿಲ್ಲ. ನೋಡಬೇಕು ಅನ್ನಿಸಲೂ ಇಲ್ಲ.

ಎರಡನೆಯ ಸಲ ಗಡಿಬಾಗಿಲಿಗೆ ಹೋದಾಗ ಅರ್ಧ ಊರೇ ಬಂದಿತ್ತು. ಪುಟ್ಟತಾಯಮ್ಮ ಎದುರಿನ ಸಾಲಿನಲ್ಲಿ ನಿಂತು ಕೈಸನ್ನೆ ಮಾಡಿ ಧೈರ್ಯ ತುಂಬುತ್ತಿದ್ದಳು. ಕಮಲಾಕ್ಷಿ ಈ ಸಲ ನೂಲಿನ ಸೀರೆಯಲ್ಲೇ ಬಂದಿದ್ದಳು. ನಾನು ಮಣೆ ಹತ್ತಿದೆ. ಮುದ್ದುವೀರಪ್ಪನವರು ಕಣ್ಣು ಮುಚ್ಚಿದರು. ಕಮಲಾಕ್ಷಿ ಪುಟ್ಟತಾಯಮ್ಮನಿಂದ ಸಾಲ ತಂದ ಬೈಗುಳವನ್ನು ಅರ್ಧ ಹೇಳಿ ನಿಲ್ಲಿಸಿದಳು. ಮುದ್ದುವೀರಪ್ಪನವರು ಬೇಡವೆಂದು ತಲೆಯಾಡಿಸಿದರು. ಬಹಳ ಹೊತ್ತು ಕಾದರು. ಆಮೇಲೆ ಕಣ್ಣು ತೆರೆದು, ನಿಜವಾದ ಬೇಸರದಿಂದಲೇ ರದ್ದತಿಯ ಠಸ್ಸೆಯನ್ನು ಕೈಗೆತ್ತಿಕೊಂಡರು.

"ಏನ್ ಮಾಡ್ಲಿ ತ್ರಯಂಬಕಯ್ಯನವ್ರೆ, ರದ್ದು ಮಾಡಿಬಿಡ್ಲಾ?"

ನಾನು ಕೈಮುಗಿದೆ. ಅಂಗಡಿಯಲ್ಲಿ ಹೇಗೆ ಮುಗಿಯುತ್ತೇನೋ ಹಾಗೆ. "ಆಗ್ಲಿ ಸ್ವಾಮಿ. ತಮಗೆ ಹೇಗೆ ಸರಿ ಕಾಣತ್ತೋ ಹಾಗೆ ಮಾಡಿ."

"ಏನಂದ್ರಿ?"

ಕೇಳಿದ್ದು ಕಮಲಾಕ್ಷಿ. ದನಿ ಅವಳದೇ, ಆದರೆ ನಾನು ಅದುವರೆಗೆ ಕೇಳಿದ ದನಿಯಲ್ಲ.

"ಏನಂದ್ರಿ ಈಗ? ತಮಗೆ ಸರಿ ಕಂಡ ಹಾಗೆ ಮಾಡೀಂತಲಾ? ಅಲ್ಲಿ ಮಗಳು ಒಬ್ಬಳೇ ನರಳ್ತಾ ಬಿದ್ದಿದಾಳೆ, ಈ ಮನುಷ್ಯ ಠಸ್ಸೆ ಎತ್ತಿಕೊಂಡಿದಾನೆ, ಬೇಡ ಅನ್ನೋಕೆ ನಿಮ್ಮ ಬಾಯಿಗೆ ಬರಲ್ವಾ? ಯಾವತ್ತು ಬಂದಿದೆ ನಿಮಗೆ? ಮನೆಗೆ ಬಣ್ಣ ಹೊಡಿಸುವಾಗ ಹಸಿರು ಅಂತ ಹೇಳಿದೆ. ಹೊಡೆದ ಮೇಲೆ ನೋಡಿದ್ರೆ ಕೆರೆ ಪಾಚಿ! ನಂಗೂ ಗೊತ್ತು, ನಿಮಗೂ ಗೊತ್ತು. ಭೇಷಾಗಿದೆ ಅಂದ್ರಿ. ಅವತ್ತಿಂದ ಕಪ್ಪೆ ಹಾಗೆ ಆ ಪಾಚಿ ಒಳಗೆ ಬಾಳ್ತಾ ಇದೀನಿ. ಸಾರಿಗೆ ಎರಡು ಸಲ ಉಪ್ಪು ಬಿದ್ದಿದ್ರೂ ಸುರಿದು ಸುರಿದು ಉಣ್ತೀರಿ, ಹೊಗಳ್ತೀರಿ. ನಂಗೆ ಅಡುಗೆ ಬರತ್ತೋ ಇಲ್ವೋ ಅನ್ನೋದೇ ಇವತ್ತಿಗೂ ಗೊತ್ತಿಲ್ಲ ಕಣ್ರೀ!"

ಮುದ್ದುವೀರಪ್ಪನವರು ಮೆಲ್ಲನೆ ಠಸ್ಸೆ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು.

"ವೈಜು ಅಷ್ಟು ದೂರ ಹೋಗ್ತೀನಿ ಅಂದಾಗ ರಾತ್ರಿಯೆಲ್ಲ ನಿದ್ದೆ ಮಾಡದೆ ಕೂತಿದ್ದೆ. ಕಳಿಸೋಣ ಅನ್ನಿ, ಬೇಡ ಅನ್ನಿ, ಏನಾದ್ರೂ ಒಂದು ಹೇಳ್ತೀರಿ ಅಂತ ಕಾದೆ. ನಿಮಗೆ ಹೇಗೆ ಸರಿ ಕಾಣತ್ತೋ ಹಾಗೆ ಅಂತ ತಾಯಿ ಮಗಳಿಬ್ರಿಗೂ ಹೇಳಿ ಅಂಗಡಿ ಬಾಗಿಲು ತೆಗೆಯೋಕೆ ಹೋದ್ರಿ. ಎಲ್ಲಾನೂ ನಾನೇ ಆರಿಸ್ಬೇಕು, ತಪ್ಪಾದ್ರೆ ನಾನೇ ಒಳಗೊಳಗೆ ಬೇಯ್ಬೇಕು. ನನ್ನನ್ನ ಹೆಂಡ್ತಿ ಹಾಗೆ ಎಲ್ಲಿ ನೋಡಿದ್ರಿ ನೀವು? ಗಿರಾಕಿ ಹಾಗೆ ನಡೆಸ್ಕೊಂಡ್ರಿ! ಗಿರಾಕಿಯಾದ್ರೂ ಬೇಡ ಅನ್ನಿಸಿದ್ರೆ ಎದ್ದು ಪಕ್ಕದ ಅಂಗಡಿಗೆ ಹೋಗ್ತಾಳೆ. ನಾನೆಲ್ಲಿಗೆ ಹೋಗ್ಲಿ?"

ನನ್ನ ಕಿವಿ ಬಿಸಿಯಾಯಿತು, ಕೆನ್ನೆ ಬಿಸಿಯಾಯಿತು, ಕೊನೆಗೆ ಕಣ್ಣೂ ಬಿಸಿಯಾಯಿತು. ಮಣೆಯಿಂದ ಇಳಿದು ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸಿತು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಾಗಿರಲಿಲ್ಲ, ಅದೇ ತಡೆಯಲಾಗದ್ದು. ಮುದ್ದುವೀರಪ್ಪನವರು ಎದ್ದು ನನ್ನ ಮುಖವನ್ನು ಹತ್ತಿರದಿಂದ ನೋಡಿದರು. ಠಪ್ ಎಂದು ಠಸ್ಸೆ ಒತ್ತಿದರು. ಪುಟ್ಟತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನೀವು ಇಳೀರಿ. ಅಮ್ಮಾ, ನೀವು ಹತ್ತಿ. ಈಗ ಯಜಮಾನ್ರ ಸರದಿ."

ಕಮಲಾಕ್ಷಿ ಏದುಸಿರು ಬಿಡುತ್ತ ಮಣೆ ಹತ್ತಿದಳು. ನಾನು ಎದುರು ನಿಂತೆ. ನನಗೆ ಏನೆಂದರೆ ಏನೂ ಹೊಳೆಯಲಿಲ್ಲ. ಅವಳ ಮೇಲೆ ಹೇಳಲು ಒಂದು ತಪ್ಪೂ ನನ್ನ ಬಳಿ ಇರಲಿಲ್ಲ. ತಪ್ಪಿಲ್ಲದವಳು ಅಂತಲ್ಲ, ನಾನು ನೋಡಿರಲಿಲ್ಲ ಅಷ್ಟೆ. ಯಾವ ಬಣ್ಣದ ಸೀರೆ ಯಾವ ಮನೆಯ ಹೆಂಗಸಿಗೆ ಇಷ್ಟ ಎಂದು ಬೀದಿಗೆ ಬೀದಿಯೇ ಬಲ್ಲೆ. ಇವಳದು ಕೇಳಿದರೆ ಗೊತ್ತಿಲ್ಲ. ಎದುರಿಗೆ ನಿಂತವಳ ಕೊರಳ ನರ ಉಬ್ಬಿತ್ತು, ಮೂಗಿನ ತುದಿ ನಡುಗುತ್ತಿತ್ತು. ಇಂಥ ಹೆಂಗಸೊಬ್ಬಳು ಇಷ್ಟು ದಿನ ಎಲ್ಲಿದ್ದಳು? ಕಮಲಾಕ್ಷಿ ಎಲ್ಲಿ ಅಡಗಿಸಿಟ್ಟಿದ್ದಳು ಇವಳನ್ನು? ಹಾಗೆ ಕೇಳಿಕೊಂಡದ್ದೇ ತಡ, ನನಗೆ ಬುಸ್ಸೆಂದು ಕೋಪ ಬಂತು.

"ಕಳ್ಳಿ ಕಣೇ ನೀನು!" ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. "ಬಚ್ಚಿಡೋ ಕಳ್ಳಿ! ಇಷ್ಟೆಲ್ಲ ಹೊಟ್ಟೇಲಿ ಇಟ್ಕೊಂಡು, ಪರವಾಗಿಲ್ಲ ಬಿಡಿ, ಪರವಾಗಿಲ್ಲ ಬಿಡಿ ಅಂತ ನಗ್ತಾ ಕಾಫಿ ಕೊಟ್ಯಲ್ಲೇ. ಒಂದಿನ, ಒಂದೇ ಒಂದಿನ ಲೋಟ ಕುಕ್ಕಿ ಇಟ್ಟಿದ್ರೆ ಆಗ್ತಿರ್ಲಿಲ್ವಾ? ಪಾಚಿ ಅಂತ ಬಾಯಿಬಿಟ್ಟಿದ್ರೆ ಮಾರನೇ ದಿನವೇ ಕೆರೆಸಿ ಹಾಕಿಸ್ತಿರ್ಲಿಲ್ವಾ ನಾನು? ನಾನೇನು ಗೋಡೆನಾ? ಗೋಡೆಗೆ ಹೇಳೋದು ಬೇಡ ಅಂತ ಸುಮ್ನಿದ್ಯಾ? ನನ್ನಂಥ ಗಂಡ ಇಲ್ಲ ಅಂತ ಊರೆಲ್ಲ ಡಂಗುರ ಹೊಡ್ಕೊಂಡು ತಿರುಗಿದೆನಲ್ಲೇ, ಆವಾಗ ನೀನು ಒಳಗೆ ಕೂತು ನಗ್ತಿದ್ದೆ ತಾನೆ? ನಿಜ ಹೇಳು, ನಗ್ತಿದ್ದೆ ತಾನೆ?"

"ಹೂಂ, ನಗ್ತಿದ್ದೆ!" ಎಂದು ಮಣೆಯ ಮೇಲಿಂದಲೇ ಕಿರುಚಿದಳು ಕಮಲಾಕ್ಷಿ. ಕತ್ತಿನಿಂದ ಹಣೆಯವರೆಗೆ ಕೆಂಪೇರಿತು.

ಠಪ್.

"ಹೋಗ್ಬನ್ನಿ," ಎಂದರು ಮುದ್ದುವೀರಪ್ಪನವರು. "ಜಗಳ ಮುಂದಕ್ಕೆ ಹೋಗಿ ಆಡ್ಕೊಳಿ, ಸಾಲು ಬೆಳೀತಿದೆ."

ಗಡಿಬಾಗಿಲಿನಿಂದ ಆಚೆಯ ಬಾಗಿಲಿಗೆ ಯಾರದೂ ಅಲ್ಲದ ಒಂದು ಉದ್ದನೆಯ ಮಣ್ಣುದಾರಿ ಇದೆ. ನಡೆದೇ ಹೋಗಬೇಕು. ಪೆಟ್ಟಿಗೆ ನನ್ನ ತಲೆಯ ಮೇಲೆ, ಮೆಂತ್ಯದ ಉಂಡೆಯ ಡಬ್ಬಿ, ಬಾಣಂತಿ ಖಾರದ ಗಂಟು ಅವಳ ಕಂಕುಳಲ್ಲಿ. ಆ ದಾರಿಯುದ್ದಕ್ಕೂ ನಾವು ಬಾಯಿ ಮುಚ್ಚಲಿಲ್ಲ. ಬಣ್ಣದ್ದು ಮುಗಿದು ಉಪ್ಪಿಗೆ ಬಂದೆವು, ಉಪ್ಪು ಮುಗಿದು ಅವಳ ತಂಗಿಯ ಮದುವೆಯ ಉಡುಗೊರೆಗೆ. ಅವಳು ಒಂದು ಅಂದರೆ ನಾನು ಎರಡು. ಸಿಟ್ಟು ಬಂದಿದ್ದುದು ನಿಜ, ಆದರೆ ಕಾಲು ಹಗುರಾಗಿತ್ತು. ಇನ್ನೂ ಏನೇನು ಬೈಯುತ್ತಾಳೋ ಕೇಳೋಣ ಎಂಬ ಆಸೆಯೂ ಹುಟ್ಟಿತ್ತು, ಹೇಳಿಕೊಳ್ಳಲು ನಾಚಿಕೆ.

ಆಚೆಯವರ ಕಾನೂನು ಸರಳ. ಬಂದವರನ್ನು ಎದುರುಗೊಳ್ಳಲು ಬಂದವರು ಒಪ್ಪಿ ಕರೆದುಕೊಂಡರೆ ಮುಗಿಯಿತು. ಅಡ್ಡಗಂಬದ ಆಚೆ ವೈಜು ಕುರ್ಚಿಯಲ್ಲಿ ಕೂತಿದ್ದಳು. ಡಾಕ್ಟರ ಮಾತು ಮೀರಿ ಬಂದಿದ್ದಳು. ಮುಖ ಊದಿತ್ತು, ಕಣ್ಣ ಸುತ್ತ ಕಪ್ಪು. ನಾವು ಅವಳನ್ನು ಕಂಡು ಕೈಬೀಸಿದೆವು, ಆದರೆ ಮಾತು ಅರ್ಧಕ್ಕೆ ನಿಂತಿತ್ತಲ್ಲ, ಅದನ್ನು ಮುಗಿಸದೆ ಬಿಡುವಂತಿರಲಿಲ್ಲ.

"ಆ ಪೆಟ್ಟಿಗೆ ಸೊಟ್ಟ ಹಿಡ್ಕೊಂಡಿದೀರಿ, ತುಪ್ಪ ಚೆಲ್ಲತ್ತೆ!"

"ತುಪ್ಪ ಪೆಟ್ಟಿಗೆಗೆ ಹಾಕು ಅಂತ ನಿಂಗ್ಯಾರು ಹೇಳಿದ್ದು? ತಲೆ ಇಲ್ದೋಳು!"

ವೈಜು ಕುರ್ಚಿಯ ಕೈ ಹಿಡಿದುಕೊಂಡು ಮೆಲ್ಲನೆ ಎದ್ದು ನಿಂತಳು. ಬಾಯಿ ತೆರೆದಿತ್ತು. ನನ್ನನ್ನು ನೋಡಿದಳು, ತಾಯಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆ ಕಡೆಯ ಅಧಿಕಾರಿಣಿ ಪೆನ್ನು ಹಿಡಿದು ಕಾದಳು. "ಇವ್ರು ನಿಮ್ಮ ಅಪ್ಪ ಅಮ್ಮನೇನ್ರಿ?"

ನಾವಿಬ್ಬರೂ ತಟ್ಟನೆ ಮಾತು ನಿಲ್ಲಿಸಿದೆವು. ಮಗಳು ಇಲ್ಲ ಎಂದುಬಿಟ್ಟರೆ ಏನು ಗತಿ ಎಂದುಕೊಂಡೆ. ಕಮಲಾಕ್ಷಿ ನನ್ನ ಅಂಗಿಯ ತೋಳು ಹಿಡಿದುಕೊಂಡಳು.

ವೈಜುವಿನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಕೆನ್ನೆಯಲ್ಲಿ ನಗು ಒತ್ತರಿಸುತ್ತಿತ್ತು.

"ಇವ್ರನ್ನ ನಾನು ಯಾವತ್ತೂ ನೋಡಿಲ್ಲ ಮೇಡಂ," ಎಂದಳು. "ಆದ್ರೂ ಒಳಗೆ ಬಿಡಿ. ಮನೆಗೆ ಕರ್ಕೊಂಡು ಹೋಗಿ ಪರಿಚಯ ಮಾಡ್ಕೋತೀನಿ."